ಬಾಯಿಬಿಡದ ಹಾಡುಗಳ ವರ್ಷ

ಕಳೆದ ತಿಂಗಳು ವೆಸ್ಟ್ ಕೊವಿನಾದ ಮಾಲ್‌ನಲ್ಲಿ ಒಂದು ಚಹಾದಂಗಡಿಯ ಸಾಲಿನಲ್ಲಿ ನಿಂತಿದ್ದೆ. ಸಾಬೂದಾಣಿಯ ಗುಂಡುಗಳನ್ನು ಹಾಕಿ ತಣ್ಣಗೆ ಕೊಡುತ್ತಾರಲ್ಲ, ಆ ಚಹಾ. ಇನ್ನೇನು ನನ್ನ ಸರದಿ ಬಂತು ಎನ್ನುವಾಗ ಮೇಲಿನ ಸ್ಪೀಕರಿನಲ್ಲಿ ಹಳೆಯ ಜಪಾನೀ ಹಾಡೊಂದು ಶುರುವಾಯಿತು. ಮೊದಲು ಸ್ಯಾಕ್ಸೊಫೋನ್, ಆಮೇಲೆ ಆ ಹೆಂಗಸಿನ ದನಿ. ಕೌಂಟರಿನ ಹಿಂದಿದ್ದ ಹುಡುಗ ಹುಡುಗಿಯರು ತಲೆದೂಗಿದರು. ಆ ಹಾಡು ಹುಟ್ಟಿದಾಗ ಅವರ ಅಪ್ಪ ಅಮ್ಮಂದಿರೇ ಇನ್ನೂ ಮಕ್ಕಳಾಗಿದ್ದಿರಬೇಕು. ನನಗೆ ಜಪಾನೀ ಭಾಷೆ ಬರುವುದಿಲ್ಲ, ಆದರೆ ಅದರ ಒಂದೊಂದು ಸಾಲೂ ಬಾಯಿಗೆ ಬರುತ್ತದೆ. ಏನು ಬೇಕೆಂದು ಹುಡುಗಿ ಕೇಳಿದಳು. ಏನೂ ಬೇಡವೆಂದು ಹೊರಗೆ ಬಂದು ಕಾರು ಹತ್ತಿದೆ. ಇಷ್ಟು ವರ್ಷದ ಮೇಲೂ ನನಗೆ ಸಿಟ್ಟು ಬರುತ್ತದೆ. ದುಃಖವಾದರೆ ಯಾರ ಹತ್ತಿರವಾದರೂ ಹೇಳಿಕೊಳ್ಳಬಹುದು, ಇಂಥ ಸಿಟ್ಟನ್ನು ಹೇಳಿಕೊಂಡರೆ ಜನ ನಗುತ್ತಾರೆ.

ಅದು ೨೦೨೨ರ ಮಾತು. ಹುಬ್ಬಳ್ಳಿಯಿಂದ ಸ್ಯಾನ್ ಡಿಯಾಗೊಗೆ ಓದಲು ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಕ್ಲಾಸಿನಲ್ಲಿ ಮಾಸ್ಕ್ ಹಾಕಿಕೊಂಡೇ ಕೂರಬೇಕಿತ್ತು, ಹಾಗಾಗಿ ಆಗ ಆದದ್ದೆಲ್ಲ ಅರ್ಧ ಮುಖದ ಪರಿಚಯಗಳೇ. ಒಂದು ದಿನ ಲಿಫ್ಟಿನಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಮಾಸ್ಕೊಂದು "ಹುಬ್ಳಿಯವ್ರಾ?" ಎಂದು ಕೇಳಿತು. ಅವನೇ ಸುಹಾಸ್. ಬೆಂಗಳೂರಿನ ಜಯನಗರದವನು, ನಮ್ಮದೇ ವಿಭಾಗದಲ್ಲಿ ಪಿಎಚ್.ಡಿ. ಮುಗಿಸುವ ಹಂತದಲ್ಲಿದ್ದ. ಆಮೇಲೆ ಕ್ಯಾಂಟೀನಿನಲ್ಲಿ ಮಾಸ್ಕ್ ತೆಗೆದಾಗ ಮುಖದ ಉಳಿದರ್ಧವೂ ಚೆನ್ನಾಗಿಯೇ ಇತ್ತು. ಅದು ನನ್ನ ದುರದೃಷ್ಟ.

ಸುಹಾಸನ ತಾಯಿಯ ಗೆಳತಿ ಪದ್ಮಾ ಆಂಟಿ ಡೈಮಂಡ್ ಬಾರ್ ಎಂಬ ಊರಿನಲ್ಲಿದ್ದರು. ಮೈಸೂರಿನವರು, ಬಂದವರಿಗೆ ಬಡಿಸುವುದರಲ್ಲೇ ಸುಖ ಕಾಣುವ ಜೀವ. ಭಾನುವಾರ ಆ ಕಡೆಯ ಕನ್ನಡ ಮಕ್ಕಳನ್ನೆಲ್ಲ ತಮ್ಮ ಗ್ಯಾರೇಜಿನಲ್ಲಿ ಕೂರಿಸಿ ಕನ್ನಡ ಕಲಿಸುತ್ತಿದ್ದರು. ದೊಡ್ಡ ಮಕ್ಕಳಿಗೆ ಪಾಠ ಹೇಳಲು ಸುಹಾಸ್ ಹೋಗುತ್ತಿದ್ದ. ಚಿಕ್ಕವರಿಗೆ ಅಕ್ಷರ ತಿದ್ದಿಸಲು ಒಬ್ಬರು ಬೇಕೆಂದು ನನ್ನನ್ನೂ ಕರೆದುಕೊಂಡು ಹೋದ. ಆಂಟಿ ಊಟ ಹಾಕಿ, ವಾರಕ್ಕಾಗುವಷ್ಟು ಸಾರಿನಪುಡಿ, ಹುಳಿಯನ್ನವನ್ನು ಕಟ್ಟಿಕೊಟ್ಟು ಕಳಿಸುತ್ತಿದ್ದರು. ನಾನು ಹೋಗುತ್ತಿದ್ದುದು ಸಾರಿನಪುಡಿಗೂ ಅಲ್ಲ, ಕನ್ನಡದ ಉದ್ಧಾರಕ್ಕೂ ಅಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿದೆ ಎಂದುಕೊಂಡಿದ್ದೆ.

ಸ್ಯಾನ್ ಡಿಯಾಗೊದಿಂದ ಅಲ್ಲಿಗೆ ಒಳದಾರಿಯಲ್ಲಿ ಎರಡು ಗಂಟೆಯ ಡ್ರೈವ್. ಫೆಬ್ರುವರಿ, ಮಾರ್ಚಿನಲ್ಲಿ ಗುಡ್ಡಗಳೆಲ್ಲ ಹಸಿರಾಗಿ, ಅದರ ಮೇಲೆ ಹಳದಿ ಸಾಸಿವೆ ಹೂವು ಎದ್ದಿರುತ್ತಿತ್ತು. ಕರೋನಾ ಎಂಬ ಊರನ್ನು ದಾಟಬೇಕಿತ್ತು. ಆ ಕಾಲದಲ್ಲಿ ಆ ಹೆಸರಿನ ಬೋರ್ಡ್ ಕಂಡಾಗಲೆಲ್ಲ ಇಬ್ಬರೂ ತಪ್ಪದೆ ಮಾಸ್ಕ್ ಮೇಲೆಳೆದುಕೊಂಡು ನಗುತ್ತಿದ್ದೆವು. ನಾನು ಬೆಳಿಗ್ಗೆ ಎದ್ದು ಡಬ್ಬಿಯಲ್ಲಿ ಗಿರ್ಮಿಟ್ ಕಲಸಿ ತರುತ್ತಿದ್ದೆ. ಬೆಂಗಳೂರಿನವನು ಮೊದಲ ಸಲ "ಇದು ಮೆತ್ತಗಾಗಿರೋ ಚುರುಮುರಿ ಅಲ್ವಾ?" ಎಂದ. ಬೈದೆ. ಆಮೇಲೆ ಡಬ್ಬಿ ಅವನ ಕೈಗೆ ಹೋದರೆ ನನಗೆ ಉಳಿಯುತ್ತಿರಲಿಲ್ಲ.

ದಾರಿಯುದ್ದಕ್ಕೂ ಹಾಡು. ಲಾಕ್‌ಡೌನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹತ್ತಿತು, ಕೆಲವರು ಬ್ರೆಡ್ ಮಾಡಲು ಕಲಿತರು, ಕೆಲವರು ಗಡ್ಡ ಬೆಳೆಸಿದರು. ಇವನಿಗೆ ಹಿಡಿದದ್ದು ನಲವತ್ತು ವರ್ಷ ಹಿಂದಿನ ಜಪಾನೀ ಹಾಡುಗಳು. ಫೋನಿನಲ್ಲಿ ಒಂದು ಕೇಳಿದ, ಅದು ಇನ್ನೊಂದನ್ನು ತೋರಿಸಿತು, ಕೊನೆಗೆ ಅರ್ಥ ತಿಳಿಯಬೇಕೆಂದು ಭಾಷೆಯನ್ನೇ ಕಲಿತ. ಕೇಳಲು ಎಲ್ಲವೂ ಕುಣಿಯುವ ಹಾಡುಗಳು. ಅರ್ಥ ಕೇಳಿದರೆ ಎಲ್ಲದರಲ್ಲೂ ಒಬ್ಬಳು ಯಾರಿಗೋ ಕಾದು ಕೂತಿರುತ್ತಿದ್ದಳು. ಒಬ್ಬಳು ಬಂದರಿನಲ್ಲಿ ಹಡಗು ನೋಡುತ್ತಿದ್ದಳು, ಒಬ್ಬಳು ರಿಂಗಾಗದ ಫೋನಿನ ಪಕ್ಕ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಇನ್ನೊಬ್ಬಳನ್ನು ಅವಳು ಮೆಚ್ಚಿದವನು ಕಾರಿನಲ್ಲಿ ಮನೆಗೆ ಬಿಡುತ್ತಿದ್ದಾನೆ, ಸಿಗ್ನಲ್ ಕೆಂಪಗೇ ಇರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಾಳೆ. ಸುಹಾಸ್ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತಿದ್ದ, ಬಹಳ ಚೆನ್ನಾಗಿ ಹೇಳುತ್ತಿದ್ದ. ನಾನು ಕಿಟಕಿಯ ಕಡೆ ನೋಡುತ್ತ, ಮುಂದೆ ಟ್ರಾಫಿಕ್ ಜಾಮ್ ಆಗಲಿ ದೇವರೇ ಎಂದುಕೊಳ್ಳುತ್ತಿದ್ದೆ.

ಒಂದು ಸಲ ತಡೆಯಲಾರದೆ ಕೇಳಿದೆ. "ಅಲ್ಲೋ, ಈ ಹೆಣ್ಣಮಕ್ಕಳಿಗೆ ಏನಾಗೇದ? ಅವನ ಮುಂದ ನಿಂತು ಹೇಳಬಾರದೇನು?"

"ಈ ಹಾಡುಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ ಕಣೆ. ಅದೇ ಇದರ ಬ್ಯೂಟಿ."

"ನಮ್ಮೂರಾಗ ಆಗಿದ್ರ ಹೇಳಿಬಿಡತಿದ್ರು. ಹೇಳಿಬಿಟ್ರ ಏನಾಗ್ತದ?"

"ಹೇಳ್ಬಿಟ್ರೆ ಹಾಡು ಮುಗ್ದೋಗುತ್ತೆ," ಎಂದ, ಕಣ್ಣು ರಸ್ತೆಯ ಮೇಲೆಯೇ ಇತ್ತು.

ಆ ಮಾತನ್ನು ನಾನು ಒಂದು ವಾರ ಮೆಲುಕು ಹಾಕಿದೆ. ಅವನೂ ಹೇಳದೆ ಇಟ್ಟುಕೊಂಡಿದ್ದಾನೆ, ಹಾಡು ಮುಗಿಯಬಾರದೆಂದು ಹೀಗೆ ಮಾಡುತ್ತಿದ್ದಾನೆ ಎಂದು ಅರ್ಥ ಮಾಡಿಕೊಂಡೆ. ಓದಿದವರಿಗೆ ಇದೊಂದು ರೋಗ, ಇದ್ದದ್ದನ್ನು ಬಿಟ್ಟು ಇಲ್ಲದ ಅರ್ಥ ಹುಡುಕುತ್ತೇವೆ. ಅವನ ಹಾಡುಗಳನ್ನೆಲ್ಲ ಫೋನಿಗೆ ಹಾಕಿಕೊಂಡು ಪಾತ್ರೆ ತೊಳೆಯುವಾಗಲೂ ಕೇಳಿದೆ. ಮೇ ತಿಂಗಳ ಹೊತ್ತಿಗೆ ಕಾರಿನಲ್ಲಿ ಅವನಿಗಿಂತ ಗಟ್ಟಿಯಾಗಿ ನಾನೇ ಹಾಡುತ್ತಿದ್ದೆ. ನನ್ನ ಜಪಾನೀಯಲ್ಲಿ ಹುಬ್ಬಳ್ಳಿಯ ವಾಸನೆ ಹೊಡೆಯುತ್ತದೆಂದು ಅವನು ಸ್ಟೀರಿಂಗ್ ತಟ್ಟಿ ತಟ್ಟಿ ನಗುತ್ತಿದ್ದ. ಅಷ್ಟು ಸಂತೋಷವಾಗಿ ನಾನು ಈ ದೇಶದಲ್ಲಿ ಮತ್ತೆಂದೂ ಇರಲಿಲ್ಲ.

ಜೂನ್ ಬಂತು. ಆ ತಿಂಗಳು ಸ್ಯಾನ್ ಡಿಯಾಗೊದಲ್ಲಿ ಸಮುದ್ರದಿಂದ ಎದ್ದ ಮೋಡ ಮಧ್ಯಾಹ್ನದವರೆಗೂ ಊರಿನ ಮೇಲೆ ಕೂತಿರುತ್ತದೆ. ಅತ್ತ ಮಳೆಯೂ ಇಲ್ಲ, ಇತ್ತ ಬಿಸಿಲೂ ಇಲ್ಲ. ಒಳನಾಡಿಗೆ ಬಂದರೆ ಡೈಮಂಡ್ ಬಾರ್‌ನಲ್ಲಿ ಸುಡುಬಿಸಿಲು, ಗುಡ್ಡಗಳೆಲ್ಲ ಒಣಗಿ ಕಂದು. ಒಂದು ಭಾನುವಾರ ಆಂಟಿಯ ಹಿತ್ತಲಿನಲ್ಲಿ ಮರದ ನೆರಳಿಗೆ ಊಟಕ್ಕೆ ಕೂತಿದ್ದೆವು. ಆಂಟಿಯ ಮಗಳು ಅನಿಕಾ ಹೈಸ್ಕೂಲಿನ ಹುಡುಗಿ, ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಸೋ, ಆರ್ ಯೂ ಗೈಸ್ ಡೇಟಿಂಗ್?" ಎಂದು ಕೇಳಿಬಿಟ್ಟಳು.

ಆಂಟಿಯ ಗಂಡ ಕೆಮ್ಮಿದರು. "ಅನಿಕಾ! ದೊಡ್ಡವ್ರ ಹತ್ರ ಹಾಗೆಲ್ಲಾ ಕೇಳ್ತಾರೇನೇ?" ಎಂದು ಆಂಟಿ ಗದರಿದರು. ನಾನು ತಟ್ಟೆ ನೋಡುತ್ತ ಸುಹಾಸನ ಉತ್ತರಕ್ಕೆ ಕಾದೆ. ಅವನು ನಕ್ಕು, "ಗಿರಿಜಾನಾ? ನನ್ನ ಹಾಡು ಕೇಳಿ ಕೇಳಿ ಅವಳಿಗೆ ತಲೆ ಕೆಟ್ಟಿದೆ ಅಷ್ಟೆ" ಎಂದು ಇನ್ನೊಂದಿಷ್ಟು ಮಜ್ಜಿಗೆಹುಳಿ ಹಾಕಿಸಿಕೊಂಡ. ಇಲ್ಲ ಎನ್ನಲಿಲ್ಲ. ಆ ಇಲ್ಲ ಎನ್ನದಿರುವುದನ್ನೇ ನಾನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಜುಲೈ ಕೊನೆಗೆ ಭೀಮನ ಅಮಾವಾಸ್ಯೆ. ನಮ್ಮ ಕಡೆ ದಿವಸಿ ಗೌರಿ ಅನ್ನುತ್ತೇವೆ. ಆಂಟಿ ಅದನ್ನು ಹತ್ತಿರದ ಭಾನುವಾರಕ್ಕೆ ಹೊಂದಿಸಿಕೊಂಡಿದ್ದರು, ಇಲ್ಲಿ ದೇವರುಗಳೂ ವೀಕೆಂಡಿಗೇ ಬರಬೇಕು. ಮದುವೆಯಾದವರು ಗಂಡನ ಪಾದಪೂಜೆ ಮಾಡುತ್ತಾರೆ, ಆಗದವರು ಒಳ್ಳೆಯ ಗಂಡ ಸಿಗಲೆಂದು ಕೇಳಿಕೊಳ್ಳುತ್ತಾರೆ. "ನೀನೂ ಸೀರೆ ಉಟ್ಕೊಂಡು ಬಾರಮ್ಮ" ಎಂದು ಆಂಟಿ ಹೇಳಿದ್ದರು. ಅಮ್ಮ ಕೊಟ್ಟಿದ್ದ ಒಂದೇ ಒಂದು ಇಳಕಲ್ ಸೀರೆ ಉಟ್ಟೆ. ಕಾರು ಹತ್ತುವಾಗ ಸುಹಾಸ್ "ಓಹೋ" ಎಂದ. ಆ ಓಹೋಗೂ ಅರ್ಥ ಹಚ್ಚಿದೆ.

ಜೋಡಿ ದೀಪಗಳನ್ನು ಇಟ್ಟು ಪೂಜೆಯಾಯಿತು. ಆಂಟಿ ನನ್ನ ಕೈಗೆ ಅರಿಸಿನದ ದಾರ ಕಟ್ಟಿ, "ಮನಸ್ಸಲ್ಲಿ ಇರೋದನ್ನ ಕೇಳ್ಕೋ" ಎಂದರು. ಕೇಳಿಕೊಂಡೆ. ಹೆಸರು ಹಿಡಿದೇ ಕೇಳಿಕೊಂಡೆ, ದೇವರಿಗೆ ಗೊಂದಲವಾಗಬಾರದೆಂದು. ನಾನು ಕೇಳಿಕೊಂಡವನು ಸೋಫಾದ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ.

ಆಮೇಲೆ ಆಂಟಿ ಎರಡು ಕಡುಬು ತಂದು ಮುಂಬಾಗಿಲ ಬಳಿ ಇಟ್ಟರು. ಇಲ್ಲಿನ ಮನೆಗಳಿಗೆ ಹೊಸ್ತಿಲೇ ಇಲ್ಲ, ಬಾಗಿಲಡಿಗೆ ಒಂದು ಲೋಹದ ಪಟ್ಟಿ ಇರುತ್ತದೆ. ಅದಕ್ಕೇ ಅರಿಸಿನ ಕುಂಕುಮ ಹಚ್ಚಿ, ಪಕ್ಕದಲ್ಲಿ ಒಂದು ಮಣೆ ಹಾಕಿದ್ದರು. ಏನಿದು ಎಂದು ಕೇಳಿದೆ.

"ಭಂಡಾರ ಕಣಮ್ಮ. ಒಳಗೆ ಕಾಸಿಟ್ಟಿರ್ತೀವಿ. ಅಣ್ಣನೋ ತಮ್ಮನೋ ಮೊಣಕೈಯಲ್ಲಿ ಒಡೀಬೇಕು. ಒಡೆದು ಅಕ್ಕತಂಗೀರಿಗೆ ಆಶೀರ್ವಾದ ಮಾಡ್ಬೇಕು. ಅನಿಕಾಗೆ ಪಕ್ಕದ ವಾಲ್‌ನಟ್ ಊರಿಂದ ಅವಳ ಚಿಕ್ಕಪ್ಪನ ಮಗ ಬಂದು ಒಡೆದು ಹೋದ. ನಿಂಗೆ ಸುಹಾಸ್ ಒಡೀತಾನೆ."

ತಡವರಿಸಿ, "ನನಗ ಊರಾಗ ತಮ್ಮ ಇದ್ದಾನ್ರಿ ಆಂಟಿ" ಎಂದೆ.

"ಇದ್ರೆ? ಹುಬ್ಳೀಲಿರೋನ ಕೈಲಿ ವಿಡಿಯೋ ಕಾಲ್‌ನಲ್ಲಿ ಒಡೆಸಕ್ಕಾಗುತ್ತೇನೇ? ಪರದೇಶದಲ್ಲಿ ಹೆಣ್ಣುಮಗು, ನಿಂಗೂ ಒಬ್ಬ ಅಣ್ಣ ಅಂತ ಬೇಡ್ವಾ? ಬಾರೋ ಸುಹಾಸ್."

ಅವನು ಬಂದ. ತಡವರಿಸಲಿಲ್ಲ, ತಮಾಷೆ ಮಾಡಲಿಲ್ಲ, ಇದೇನು ಎತ್ತ ಎಂದು ಕೇಳಲೂ ಇಲ್ಲ. ಮಣೆಯ ಮೇಲೆ ಕೂತು, ಶರ್ಟಿನ ತೋಳು ಮೇಲೆ ಸರಿಸಿ, ಮೊಣಕೈ ಬೀಸಿ ಒಂದೇ ಏಟಿಗೆ ಕಡುಬು ಒಡೆದ. ಹೂರಣ ಸಿಡಿದು ನನ್ನ ಸೀರೆಗೆ ಬಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. "ಅಣ್ಣಂಗೆ ನಮಸ್ಕಾರ ಮಾಡು" ಎಂದರು ಆಂಟಿ. ಬಗ್ಗಿದೆ. ಅವನ ಸಾಕ್ಸಿನ ಹೆಬ್ಬೆರಳಿನ ಹತ್ತಿರ ತೂತಾಗಿತ್ತು, ಅದನ್ನೇ ನೋಡುತ್ತ ಮುಟ್ಟಿದೆ. "ಒಳ್ಳೆ ಗಂಡ ಸಿಗ್ಲಿ" ಎಂದು ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಕೆಲವೇ ನಿಮಿಷಗಳ ಹಿಂದೆ ಅದೇ ಮನೆಯಲ್ಲಿ ನಾನು ದೇವರ ಹತ್ತಿರ ಅವನನ್ನೇ ಕೇಳಿಕೊಂಡಿದ್ದೆ.

ತಂಗಿಗೆ ಉಡುಗೊರೆ ಕೊಡಬೇಕಂತೆ. ಅವನು ಕಾರಿಗೆ ಹೋಗಿ ಬಣ್ಣದ ಕಾಗದ ಸುತ್ತಿದ್ದ ಒಂದು ಪೊಟ್ಟಣ ತಂದ. ಒಳಗೆ ಹಳೆಯ ಜಪಾನೀ ರೆಕಾರ್ಡು. ಹೊದಿಕೆಯ ಮೇಲೆ ಒಬ್ಬಳು ಈಜುಕೊಳದ ಬಳಿ ಒಬ್ಬಳೇ ಕೂತಿದ್ದಳು. ನನ್ನ ಹತ್ತಿರ ಅದನ್ನು ಹಾಕುವ ಯಂತ್ರವೇ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಆಂಟಿ ಆಗತಾನೆ ಕರೆದರೆ ಇವನ ಕಾರಿನಲ್ಲಿ ಉಡುಗೊರೆ ಕಾಗದ ಸುತ್ತಿಕೊಂಡು ಹೇಗೆ ತಯಾರಿತ್ತು ಎಂಬ ಪ್ರಶ್ನೆ ನನಗೆ ಅಂದೇ ಬಂತು. ನನಗೇ ಕೊಡಬೇಕೆಂದು ಮೊದಲೇ ತಂದಿಟ್ಟಿದ್ದನೇನೋ, ಸಮಯ ಕೂಡಿಬಂದಿರಲಿಲ್ಲವೇನೋ ಎಂದು ನಾನೇ ಅವನ ಪರವಾಗಿ ವಾದ ಮಾಡಿಕೊಂಡೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಅವನು ಹಾಡಿದ. ನಾನು ತಲೆನೋವೆಂದು ಸೀಟಿಗೊರಗಿ ಕಣ್ಣು ಮುಚ್ಚಿದೆ. ಇಳಿಯುವಾಗ "ಟೇಕ್ ಕೇರ್ ತಂಗಿ" ಎಂದ. ಅವತ್ತಿನಿಂದ ಅವನ ಬಾಯಲ್ಲಿ ನನ್ನ ಹೆಸರೇ ಇಲ್ಲವಾಯಿತು. ಲ್ಯಾಬಿನಲ್ಲಿ, ಮೆಸೇಜಿನಲ್ಲಿ, ಅವನ ಗೆಳೆಯರ ಮುಂದೆ, ಎಲ್ಲ ಕಡೆ ತಂಗಿ. ಆಂಟಿಯ ಮೇಲೆ ನನಗೆ ಎಷ್ಟು ಕೋಪ ಬಂತೆಂದರೆ ಅವರು ಕೊಟ್ಟ ಸಾರಿನಪುಡಿಯನ್ನು ಡಬ್ಬಿ ಸಮೇತ ಎಸೆದೆ. ಒಳ್ಳೆಯ ಹೆಂಗಸು ತನ್ನ ಒಳ್ಳೆಯತನದಿಂದಲೇ ನನ್ನ ಬದುಕನ್ನು ಹಾಳುಮಾಡಿದಳು, ಪಾಪ, ಸುಹಾಸ್ ದೊಡ್ಡವರ ಮಾತು ಮೀರಲಾರದೆ ಸಿಕ್ಕಿಬಿದ್ದ ಎಂದು ನಂಬಿದೆ. ಆ ನಂಬಿಕೆಯ ಮೇಲೆ ಆಗಸ್ಟ್ ಕಳೆಯಿತು. ಸೆಪ್ಟೆಂಬರಿನಲ್ಲಿ ಅವನು ಕೆಲಸ ಸಿಕ್ಕಿ ಸ್ಯಾನ್ ಹೋಸೆಗೆ ಹೊರಟುಹೋದ.

ಡಿಸೆಂಬರಿನಲ್ಲಿ ಆಂಟಿ ನನ್ನನ್ನು ಮನೆಗೆ ಕರೆಸಿಕೊಂಡರು. ಸುಹಾಸನ ಮನೆಯವರು ಒಂದು ಹುಡುಗಿ ನೋಡಿದ್ದಾರೆ, ಮೇಘನಾ ಅಂತ, ಅವಳೂ ಸ್ಯಾನ್ ಹೋಸೆಯಲ್ಲೇ ಕೆಲಸದಲ್ಲಿದ್ದಾಳೆ, ಇಬ್ಬರೂ ಒಪ್ಪಿದ್ದಾರೆ. ಊರಿಗೆ ಹೋದರೆ ವಾಪಸು ಬರಲು ವೀಸಾ ಸ್ಟ್ಯಾಂಪಿಂಗಿಗೆ ಡೇಟ್ ಸಿಗುವುದಿಲ್ಲವೆಂದು ಅಪ್ಪ ಅಮ್ಮಂದಿರೇ ಬರುತ್ತಿದ್ದಾರೆ, ಇಲ್ಲಿನ ದೇವಸ್ಥಾನದಲ್ಲೇ ಮದುವೆ, ಮನೆ ತುಂಬಿಸಿಕೊಳ್ಳುವುದು ಆಂಟಿಯ ಮನೆಯಲ್ಲಿ. ಇಷ್ಟನ್ನೂ ಕಾಫಿ ಸೋಸುತ್ತ ಹೇಳಿ ನನ್ನ ಕಡೆ ತಿರುಗಿದರು.

"ಅವನಿಗೆ ಒಡಹುಟ್ಟಿದವ್ರು ಯಾರೂ ಇಲ್ಲ. ನೀನೇ ಕಳಶ ಹಿಡೀಬೇಕು ಗಿರಿಜಾ. ಮನೆಗೆ ಬಂದಾಗ ಬಾಗಿಲು ತಡೆಯೋಳೂ ನೀನೇ."

"ಆಗೂದಿಲ್ರಿ ಆಂಟಿ. ಬ್ಯಾರೆ ಯಾರನ್ನರ ನೋಡ್ರಿ."

"ಯಾಕಮ್ಮ? ಭಂಡಾರ ಒಡೆದ ಅಣ್ಣ ಅಲ್ವಾ ಅವನು?"

"ಅದನ್ನ ನೀವು ಮಾಡಿಸಿದ್ರಿ. ನಾನೇನು ಕೇಳಿದ್ದಿಲ್ಲ, ಅವನೂ ಕೇಳಿದ್ದಿಲ್ಲ."

ಆಂಟಿಗೆ ಆಶ್ಚರ್ಯವಾಯಿತು. "ಅಯ್ಯೋ, ಅವನೇ ಕೇಳಿದ್ದು ಕಣೆ! ಈ ಅನಿಕಾ ಊಟದ ಹೊತ್ತಲ್ಲಿ ಏನೋ ಅಂದ್ಲಲ್ಲ, ಅದರ ಮಾರನೇ ವಾರ ಫೋನ್ ಮಾಡ್ದ. ಭೀಮನಮಾಸೆ ಯಾವಾಗ ಆಂಟಿ, ಗಿರಿಜಾಗೆ ಭಂಡಾರ ನಾನೇ ಒಡೀತೀನಿ, ಆದ್ರೆ ನಾನು ಹೇಳ್ದೆ ಅಂತ ಹೇಳ್ಬೇಡಿ, ನಿಮ್ಮ ಮನಸ್ಸಿಗೆ ಬಂದ ಹಾಗೆ ಇರ್ಲಿ ಅಂದ. ಎಂಥಾ ಒಳ್ಳೇ ಹುಡುಗ ಅಂದ್ಕೊಂಡೆ ನಾನು."

ಅವರು ಕಾಫಿಲೋಟ ಕೈಗೆ ಕೊಟ್ಟರು. ನಾನು ಕುಡಿದೆ, ನಾಲಿಗೆ ಸುಟ್ಟಿತು. ಅಂದರೆ ಅವನಿಗೆ ಗೊತ್ತಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಾಗ, ಅವನ ಹಾಡನ್ನು ಅವನಿಗಿಂತ ಗಟ್ಟಿಯಾಗಿ ಹಾಡುವಾಗ, ಇಳಕಲ್ ಸೀರೆ ಉಟ್ಟು ಕಾರು ಹತ್ತುವಾಗ, ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಕಾದು ಕೂತ ಹೆಂಗಸರ ಹಾಡುಗಳನ್ನು ಸಾಲು ಸಾಲಾಗಿ ಅರ್ಥ ಹೇಳಿ ಕೇಳಿಸಿದ. ಅವನಿಗೆ ಅದರಲ್ಲೊಂದು ಸುಖವಿತ್ತು, ಅವನ ಪಾಲಿಗೆ ನಾನೂ ಅಂಥದೇ ಒಂದು ಹಾಡು. ಅನಿಕಾ ಕೇಳಿದ ಒಂದು ಪ್ರಶ್ನೆಗೆ ಹೆದರಿ ಅವನು ದೇವರು, ದೀಪ, ಕಡುಬು, ಒಬ್ಬ ಹಿರಿಯ ಹೆಂಗಸು, ಇಷ್ಟನ್ನೂ ಅಡ್ಡ ನಿಲ್ಲಿಸಿಕೊಂಡ. ಆ ಹಾಡುಗಳ ಮೇಲೂ ಅಂದೇ ನನಗೆ ಜಿಗುಪ್ಸೆ ಹುಟ್ಟಿತು. ಅವುಗಳಲ್ಲಿ ಗಂಡಸು ಯಾವಾಗಲೂ ಚಂದ, ಯಾವಾಗಲೂ ದೂರ. ಬೇಡವೆಂಬುದನ್ನು ಅವನು ಹೇಗೆ ತಿಳಿಸಿದ ಎಂದು ಒಂದು ಹಾಡೂ ಹೇಳುವುದಿಲ್ಲ.

"ಆತ್ರಿ ಆಂಟಿ," ಎಂದೆ. "ಬರ್ತೇನಿ. ಬಾಗಿಲಾ ನಾನ ತಡಿತೇನಿ."

ಆ ಚಳಿಗಾಲ ಇಲ್ಲಿ ಎಂದಿಲ್ಲದ ಮಳೆ. ಫ್ರೀವೇಗಳಲ್ಲಿ ನೀರು ನಿಂತು, ಗುಡ್ಡದ ಮಣ್ಣು ಜಾರಿ, ಜನ ಮಳೆಯನ್ನೇ ಸುದ್ದಿ ಮಾಡಿಕೊಂಡಿದ್ದರು. ಮದುವೆಯ ದಿನವೂ ಹನಿ ನಿಲ್ಲಲಿಲ್ಲ. ದೇವಸ್ಥಾನದಲ್ಲಿ ಅವನ ಹಿಂದೆ ಕಳಶ ಹಿಡಿದು ನಿಂತೆ. ಸುಹಾಸನ ತಾಯಿ ನನ್ನ ಗಲ್ಲ ಹಿಡಿದು, "ಹೆಣ್ಣುಮಗು ಇಲ್ಲ ಅನ್ನೋ ಕೊರತೆ ನೀಗಿಸಿದೆ ಕಣಮ್ಮ" ಎಂದು ಕಣ್ಣು ತುಂಬಿಕೊಂಡರು. ಅವರ ಮೇಲೆ ನನಗೆ ಏನೂ ಕೋಪವಿರಲಿಲ್ಲ. ಮೇಘನಾ ಮೇಲೂ ಇರಲಿಲ್ಲ, ಅವಳು ಪಾಪ ಒದ್ದೆ ಸೀರೆಯಂಚು ಹಿಡಿದುಕೊಂಡು ಎಲ್ಲರಿಗೂ ನಗುತ್ತಿದ್ದಳು.

ಸಂಜೆಗೆ ಮುಂಚೆ ಆಂಟಿಯ ಮನೆಗೆ ಬಂದೆವು. ಬಾಗಿಲಲ್ಲಿ ಅಕ್ಕಿ ತುಂಬಿದ ಸೇರು, ಆಂಟಿಯ ಕೈಯಲ್ಲಿ ಆರತಿ ತಟ್ಟೆ. ಮದುಮಕ್ಕಳು ಛತ್ರಿಯಡಿ ಹೊರಗೆ, ಅವರ ಹಿಂದೆ ನೆಂಟರು. ನಾನು ಒಳಗಡೆಯಿಂದ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತೆ. ಇಂಥ ಹೊತ್ತಿನಲ್ಲಿ ತಂಗಿಯಾದವಳು ಉಡುಗೊರೆ ಕೇಳುತ್ತಾಳೆ, ಇಲ್ಲವೆ ನಿನ್ನ ಮಗಳನ್ನು ನನ್ನ ಮಗನಿಗೆ ಕೊಡುತ್ತೀಯಾ ಎಂದು ಕಾಡಿಸುತ್ತಾಳೆ. ಒಪ್ಪಿಕೊಳ್ಳುವವರೆಗೂ ದಾರಿ ಬಿಡುವುದಿಲ್ಲ. ಎಲ್ಲರೂ ಅದಕ್ಕೇ ಕಾಯುತ್ತ ಫೋನ್ ಎತ್ತಿ ಹಿಡಿದಿದ್ದರು.

"ಏನ್ ಬೇಕಮ್ಮಾ ತಂಗಿ? ಕೇಳು," ಎಂದ ಸುಹಾಸ್, ಎಲ್ಲರಿಗೂ ಕೇಳಿಸುವಂತೆ.

"ಏನೂ ಬ್ಯಾಡ. ಒಂದ ಮಾತು ಕೇಳ್ತೇನಿ, ಖರೇ ಹೇಳಬೇಕು. ಭಂಡಾರ ನಾನ ಒಡಿತೇನಿ ಅಂತ ಆಂಟಿಗೆ ಫೋನ್ ಮಾಡಿದಾಂವ ನೀನ ಹೌದಲ್ಲೋ?"

ಜನ ಗೊಳ್ಳೆಂದು ನಕ್ಕರು. "ಹ್ಞೂ ಹ್ಞೂ, ಇವನೇ ಕಳ್ಳ!" ಎಂದು ಆಂಟಿ ಅವನ ಗುಟ್ಟು ಬಿಟ್ಟುಕೊಟ್ಟರು. ಅವನೂ ನಕ್ಕ. "ಹೌದು, ನಾನೇ."

"ಯಾಕ?"

ಮತ್ತೆ ನಕ್ಕರು. ಅವನು ತನ್ನ ಹಾರವನ್ನು ನೋಡಿಕೊಂಡ. ಮೇಘನಾ ನಗುತ್ತಲೇ ಅವನ ಮುಖ ನೋಡಿದಳು.

"ನಿಂಗೆ ಗೊತ್ತಲ್ಲ," ಎಂದ ಮೆಲ್ಲಗೆ.

"ನನಗ ಗೊತ್ತಿಲ್ಲ. ಬಾಯಿಬಿಟ್ಟು ಹೇಳು."

ಛತ್ರಿಯ ಮೇಲೆ ಮಳೆ ಬೀಳುತ್ತಿತ್ತು. ನಾನು ಕೈ ಇಳಿಸಲಿಲ್ಲ.

"ನಿನ್ನ ಮನಸ್ಸಲ್ಲೇನಿದೆ ಅಂತ ಗೊತ್ತಿತ್ತು," ಎಂದ. "ಬೇಡ ಅಂತ ಎದುರಿಗೆ ಹೇಳೋ ಧೈರ್ಯ ನಂಗಿರ್ಲಿಲ್ಲ ಗಿರಿಜಾ."

ಮುಂದಿದ್ದವರ ನಗು ನಿಂತಿತು. ಹಿಂದಿದ್ದವರಿಗೆ ಕೇಳಿಸಿರಲಿಲ್ಲ, ಅವರಿನ್ನೂ ನಗುತ್ತಿದ್ದರು. ಆಂಟಿಯ ಕೈಯಲ್ಲಿ ಆರತಿ ತಟ್ಟೆ ವಾಲಿ ಕುಂಕುಮದ ನೀರು ಅವರ ಸೀರೆಯ ಮೇಲೆ ಚೆಲ್ಲಿತು. ನಾನು ಕೈ ಇಳಿಸಿ ಪಕ್ಕಕ್ಕೆ ಸರಿದೆ. ಮೇಘನಾ ಒಂದು ಕ್ಷಣ ನನ್ನ ಮುಖ ನೋಡಿ, ಬಲಗಾಲಿನಿಂದ ಸೇರು ಒದ್ದು ಒಳಗೆ ಬಂದಳು. ಹಿಂದಿದ್ದವರು ಚಪ್ಪಾಳೆ ತಟ್ಟಿದರು. ನಾನು ಹೊರಗೆ ಬಂದು ಅವರ ನಡುವೆಯೇ ಬಗ್ಗಿ, ರಾಶಿಬಿದ್ದ ಒದ್ದೆ ಚಪ್ಪಲಿಗಳಲ್ಲಿ ನನ್ನವನ್ನು ಹುಡುಕತೊಡಗಿದೆ.